ಸಿಯೋಲ್‌ನಲ್ಲಿ ವಯಸ್ಸಾದ ಅಪ್ಪ ಅಮ್ಮ, ಮಕ್ಕಳ ಜೊತೆ ಕೊರಿಯನ್ ಬಾರ್ಬೆಕ್ಯೂ ಊಟಕ್ಕೆ ಹೋಗಬಹುದಾ?

ಅಪ್ಪ ದನದ ಮಾಂಸ ಮುಟ್ಟುವುದಿಲ್ಲ, ಅಮ್ಮ ಪೂರ್ತಿ ಸಸ್ಯಾಹಾರಿ, ಮಕ್ಕಳು ಇನ್ನೂ ಸಣ್ಣವರು, ಎಲ್ಲರನ್ನೂ ಒಂದೇ ಮೇಜಿಗೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಿ. ನಾವು ಸಿಯೋಲ್‌ನಲ್ಲೇ ಇರುವವರು. ಮನೆಯವರು ಯಾರೇ ಬಂದರೂ ಒಂದು ಮಧ್ಯಾಹ್ನದ ಊಟ ಇಂಥ ಕಡೆಯೇ. ಎಲ್ಲರೂ ಒಂದೇ ಬೆಂಕಿಯ ಸುತ್ತ ಕೂತು, ಮೇಜಿನ ಮೇಲಿನ ತವೆಯಲ್ಲೇ ಮಾಂಸ ಬೇಯಿಸಿಕೊಂಡು, ಬೆಂದಷ್ಟು ಬೆಂದಷ್ಟೇ ಹಂಚಿಕೊಂಡು, ಮಾತಾಡುತ್ತಾ ತಿನ್ನುವ ಊಟ ಇದು. ಅವಸರಕ್ಕೆ ಜಾಗವೇ ಇಲ್ಲ.

ಆದರೆ ಅಮ್ಮನ ವಿಷಯ ಮೊದಲೇ ಯೋಚಿಸಿಕೊಳ್ಳಿ. ಮೇಜಿನ ತುಂಬ ಪುಟ್ಟ ತಟ್ಟೆಗಳಲ್ಲಿ ಬಾನ್‌ಚಾನ್ ಬರುತ್ತವೆ, ಅಂದರೆ ನೆಂಚಿಕೊಳ್ಳುವ ಬಗೆಬಗೆಯ ತಿನಿಸು. ನೋಡೋಕೆ ಬರೀ ತರಕಾರಿ. ಆದರೆ ಕಿಮ್ಚಿಗೆ, ಅಂದರೆ ಹುಳಿ ಬರಿಸಿದ ಖಾರದ ಎಲೆಕೋಸಿಗೆ, ಸಾಮಾನ್ಯವಾಗಿ ಮೀನಿನ ಸಾಸ್ ಅಥವಾ ಉಪ್ಪಲ್ಲಿಟ್ಟ ಸಿಗಡಿ ಬಿದ್ದಿರುತ್ತದೆ. ದ್ವೆಂಜಾಂಗ್ ಜಿಗೆ ಎಂಬ ಸೋಯಾ ಸಾರಿಗೂ ಹೆಚ್ಚಾಗಿ ಒಣಮೀನು ಕುದಿಸಿದ ನೀರನ್ನೇ ಹಾಕುತ್ತಾರೆ. ಅಮ್ಮನಿಗೆ ನೆಮ್ಮದಿಯಾಗಿ ಬಡಿಸಬಹುದಾದದ್ದು ಬಿಸಿ ಅನ್ನ, ಲೆಟ್ಯೂಸ್ ಎಲೆ, ಘಮ್ಮೆನ್ನುವ ಕೆನ್ನಿಪ್ ಎಲೆ, ಸೌತೆಕಾಯಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಅಣಬೆ. ತವೆ ಕಾಯುತ್ತಿದ್ದ ಹಾಗೇ, ಮಾಂಸ ಹಾಕುವ ಮೊದಲೇ ಅವರ ಅಣಬೆ ಬೇಯಿಸಿಕೊಟ್ಟುಬಿಡಿ. ಆಮೇಲೆ ಬೇರೆ ಮಾಡೋಕೆ ಆಗುವುದಿಲ್ಲ. ಮಾಂಸದ ವಾಸನೆಯೇ ಆಗದು ಅನ್ನುವವರಾದರೆ ಮಾತ್ರ ಈ ಊಟಕ್ಕೆ ಒತ್ತಾಯ ಮಾಡಬೇಡಿ. ಮೇಜಿನ ಮೇಲೆ ಹೊಗೆ ಎಳೆಯುವ ಕೊಳವೆ ಇದ್ದರೂ ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ಅಂಥವರಿಗೆ ಜೋಗ್ಯೇಸಾ ಬೌದ್ಧ ಮಂದಿರದ ಎದುರಿಗೆ ಬಾಲು ಗೋಂಗ್ಯಾಂಗ್ ಅನ್ನುವ ಹೋಟೆಲ್ ಇದೆ. ಅಲ್ಲಿ ಮಾಂಸ ಮೀನು ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಹಾಕದ ಮಠದ ಊಟ ಸಿಗುತ್ತದೆ. ಅಮ್ಮನಿಗಾಗಿ ಅಲ್ಲಿಗೂ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ.

ಅಪ್ಪನಿಗೆ ತೊಂದರೆ ಇಲ್ಲ. ಹಂದಿ ಮಾಂಸದ ಅಂಗಡಿಯನ್ನೇ ಆರಿಸಿಕೊಳ್ಳಿ. ಸಮ್‌ಗ್ಯಪ್‌ಸಲ್ ಅಂದರೆ ಹಂದಿಯ ಹೊಟ್ಟೆಯ ಭಾಗ, ಮಸಾಲೆ ಇಲ್ಲದ್ದು. ಗಲ್ಬಿ ಅಂದರೆ ಪಕ್ಕೆಲುಬಿನ ಮಾಂಸ. ಅದರಲ್ಲಿ ಹಂದಿಯದೂ ಇದೆ, ದನದ್ದೂ ಇದೆ. ದ್ವೆಜಿ ಗಲ್ಬಿ ಅಂತ ಬರೆದಿದ್ದರೆ ಹಂದಿಯದು. ಬರೀ ಗಲ್ಬಿ ಅಂತಿದ್ದರೆ ಕೇಳಿಯೇ ತರಿಸಿ. 2024ರಲ್ಲಿ ಸಿಯೋಲ್‌ನ ಹೋಟೆಲುಗಳಲ್ಲಿ 200 ಗ್ರಾಂ ಸಮ್‌ಗ್ಯಪ್‌ಸಲ್‌ನ ಸರಾಸರಿ ಬೆಲೆ 20,000 ವಾನ್ ದಾಟಿತು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಮೊದಲ ಸಲ ಕನಿಷ್ಠ ಎರಡು ಪಾಲು ತರಿಸಬೇಕು ಅನ್ನುವ ನಿಯಮ ತುಂಬಾ ಕಡೆ ಇದೆ. ಬಾನ್‌ಚಾನ್‌ಗೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಬಹುದು.

ಮೊದಲು ಮಸಾಲೆ ಇಲ್ಲದ ಮಾಂಸ, ಆಮೇಲೆ ಗಲ್ಬಿ. ಗಲ್ಬಿಯನ್ನು ಸೋಯಾ ಸಾಸ್, ಸಕ್ಕರೆ, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟಿರುತ್ತಾರೆ. ಆ ಸಿಹಿಗೆ ತವೆ ಬೇಗ ಕಪ್ಪಾಗಿ ಸೀಯುತ್ತದೆ. ಹಾಗಾದಾಗ ಹೇಳಿದರೆ ತವೆ ಬದಲಿಸಿ ಕೊಡುತ್ತಾರೆ, ಸಂಕೋಚ ಬೇಡ. ಸಮ್‌ಗ್ಯಪ್‌ಸಲ್ ಉದ್ದುದ್ದ ಪಟ್ಟಿಯಾಗಿ ಬರುತ್ತದೆ. ಹಾಕಿದ ಮೇಲೆ ಸುಮ್ನೆ ಬಿಡಿ, ಪದೇಪದೇ ತಿರುವಬೇಡಿ. ಮೇಲ್ಮುಖದಲ್ಲಿ ಹನಿಹನಿಯಾಗಿ ನೀರು ಒಸರಿದಾಗ ಇಕ್ಕಳದಿಂದ ಮಗುಚಿ. ಎರಡೂ ಬದಿ ಹೊಂಬಣ್ಣಕ್ಕೆ ಬಂದ ಮೇಲೆ ಕತ್ತರಿಯಿಂದ ತುತ್ತಿನಷ್ಟು ತುಂಡು ಮಾಡಿ, ಕತ್ತರಿಸಿದ ಬದಿಗಳನ್ನೂ ಬೇಯಿಸಿ. ತವೆ ಒಂದು ಕಡೆಗೆ ವಾಲಿರುತ್ತದೆ. ಕೊಬ್ಬು ಇಳಿದು ಬರುವ ಆ ತುದಿಯಲ್ಲಿ ಕಿಮ್ಚಿ ಇಡಿ. ಅದು ಚುರುಚುರು ಅಂತ ಹುರಿದು ಹುಳಿ ಕಡಿಮೆಯಾಗಿ, ಮಕ್ಕಳೂ ತಿನ್ನುವಂತಾಗುತ್ತದೆ.

ಅಂಗೈಯಲ್ಲಿ ಎಲೆ ಹರಡಿ, ಮಾಂಸದ ತುಂಡನ್ನು ಸ್ಸಾಮ್‌ಜಾಂಗ್ ಎಂಬ ಖಾರದ ಸೋಯಾ ಚಟ್ನಿಯಲ್ಲಿ ಅದ್ದಿಟ್ಟು, ಬೆಳ್ಳುಳ್ಳಿ ಸೇರಿಸಿ, ಮಡಚಿ ಒಂದೇ ಬಾಯಿಗೆ ಹಾಕಿಕೊಳ್ಳಬೇಕು. ಇಕ್ಕಳ ಹಿಡಿದವರು ಬೇಯಿಸುತ್ತಲೇ ಇರುತ್ತಾರೆ, ತಿನ್ನೋಕೆ ಪುರುಸೊತ್ತೇ ಸಿಗುವುದಿಲ್ಲ. ಅದಕ್ಕೇ ಪಕ್ಕದಲ್ಲಿದ್ದವರು ಹೀಗೆ ಮಡಚಿ ಅವರ ಬಾಯಿಗಿಡುತ್ತಾರೆ. ನನಗೆ ಈ ಊಟದಲ್ಲಿ ಎಲ್ಲಕ್ಕಿಂತ ಇಷ್ಟ ಇದೇ. ನಮ್ಮ ಮಾವನವರು ಎಲ್ಲರೆದುರು ಅತ್ತೆಗೆ ತುತ್ತು ಕೊಟ್ಟಿದ್ದನ್ನು ನಾನು ನೋಡಿದ್ದು ಇಂಥ ಮೇಜಿನಲ್ಲೇ. ಅಣಬೆ, ಅನ್ನ ಇಟ್ಟು ಮಡಚಿದ ತುತ್ತು. ಅತ್ತೆ ನಾಚಿಕೊಂಡರು, ಆದರೆ ಬೇಡ ಅನ್ನಲಿಲ್ಲ. ನಿಮ್ಮ ಮಕ್ಕಳಿಗೂ ಹೇಳಿಕೊಡಿ, ಅಜ್ಜಿಗೆ ಅವರೇ ಮಡಚಿ ಕೊಡಲಿ.

ಹೋಗುವಾಗ ಕುರ್ಚಿ ಮೇಜು ಇರುವ ಕಡೆಯೇ ನೋಡಿ. ಕೆಲವು ಹಳೆಯ ಅಂಗಡಿಗಳಲ್ಲಿ ನೆಲದ ಮೇಲೆ ಕೂರಬೇಕು, ಮಂಡಿನೋವಿದ್ದವರಿಗೆ ಕಷ್ಟ. 12 ಗಂಟೆಗೆ ಆಫೀಸಿನವರ ನೂಕುನುಗ್ಗಲು, ಅದಕ್ಕೆ ಸ್ವಲ್ಪ ಮುಂಚೆ ಹೋಗಿ. ಮಧ್ಯಾಹ್ನ 3ರ ಹೊತ್ತಿಗೆ ಎಷ್ಟೋ ಕಡೆ ಬಿಡುವಿಗೆ ಬಾಗಿಲು ಹಾಕುತ್ತಾರೆ. ಮೇಜಿನಲ್ಲಿ ಚಮಚ ಕಾಣದಿದ್ದರೆ ಪಕ್ಕದ ಡ್ರಾಯರ್ ಎಳೆದು ನೋಡಿ, ಅಲ್ಲೇ ಇರುತ್ತದೆ. ದೊಡ್ಡವರು ಚಮಚ ಎತ್ತಿದ ಮೇಲೆ ಉಳಿದವರು ಶುರು ಮಾಡುವುದು ಇಲ್ಲಿನ ಪದ್ಧತಿ, ಅಪ್ಪನಿಗೆ ಮೊದಲೇ ಹೇಳಿಡಿ.

ಮಾಂಸ ಮುಗಿದ ಮೇಲೆ ನೆಂಗ್‌ಮ್ಯನ್ ಬೇಕಾ ಅಂತ ಕೇಳಬಹುದು. ಐಸ್ ಹಾಕಿದ ತಣ್ಣನೆ ನೂಡಲ್ಸ್ ಅದು, ಬೇಸಿಗೆಯಲ್ಲಿ ಬಲು ಹಿತ. ಆದರೆ ಆ ಸಾರು ಸಾಮಾನ್ಯವಾಗಿ ದನದ ಮಾಂಸದ್ದು, ಹಾಗಾಗಿ ಅಪ್ಪನಿಗೂ ಬೇಡ, ಅಮ್ಮನಿಗೂ ಬೇಡ. ಅದರ ಬದಲು ಅದೇ ತವೆಯ ಮೇಲೆ ಕಿಮ್ಚಿ ಹಾಕಿ ಅನ್ನ ಹುರಿದು ಕೊಡುತ್ತಾರಾ ಕೇಳಿ. ಅಪ್ಪ, ಮಕ್ಕಳು ತಳದ ಸೀಕಲನ್ನೂ ಕೆರೆದು ತಿನ್ನುತ್ತಾರೆ.