ಹದಿನೆಂಟು ತುಂಬಿದ ತಂಗಿಗೆ ಗಾರ್ಡಿಯನ್ ಆಗಲು ಯಾವ ಕೋರ್ಟಿಗೆ ಹೋಗಬೇಕು?

ಯಾವ ಕೋರ್ಟಿಗೂ ಹೋಗಬೇಡಿ. ವಕೀಲರಿಗೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಕೊಡಲೂ ಬೇಡಿ. ತಂಗಿಗೆ ಬೌದ್ಧಿಕ ಅಸಾಮರ್ಥ್ಯವಿದೆ, ಬ್ಯಾಂಕಿನವರು ಗಾರ್ಡಿಯನ್ ಪ್ರಮಾಣಪತ್ರ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ತಮ್ಮನದೂ ಅದೇ ಕಥೆ. ಅವನಿಗೆ ಸೆರೆಬ್ರಲ್ ಪಾಲ್ಸಿಯೂ ಇದೆ.

ಅಪ್ಪ ಕೇಂದ್ರ ಸರ್ಕಾರದ ನೌಕರರಾಗಿದ್ದರು. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಕುಟುಂಬ ಪಿಂಚಣಿ ತಮ್ಮನಿಗೆ ಬರಬೇಕಿತ್ತು. ಪಿಂಚಣಿ ಕೊಡುವವರು ‘ಗಾರ್ಡಿಯನ್ ಆರ್ಡರ್ ತನ್ನಿ’ ಎಂದರು. ನಮ್ಮ ವಕೀಲರು ಜಮೀನು ವ್ಯಾಜ್ಯಗಳಲ್ಲಿ ಪಳಗಿದವರು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಅರ್ಜಿ ಹಾಕಿಬಿಟ್ಟರು. ಎಡವಟ್ಟಾದದ್ದು ಅಲ್ಲೇ. ಆ ಕಾಯ್ದೆ ಇರುವುದು ಅಪ್ರಾಪ್ತರಿಗೆ. ಅಪ್ಪ ಅಮ್ಮ ಇಲ್ಲದ ಮಗುವಿಗೆ ಚಿಕ್ಕಪ್ಪನೋ ಅಜ್ಜಿಯೋ ಪೋಷಕರಾಗಬೇಕಾದರೆ ಅದರಡಿ ಹೋಗಬೇಕು. ನನ್ನ ತಮ್ಮನಿಗೆ ಆಗಲೇ ಮೂವತ್ತು ದಾಟಿತ್ತು. ‘ಬುದ್ಧಿಮಟ್ಟ ಐದು ವರ್ಷದ ಮಗುವಿನದೆಂದು ಡಾಕ್ಟರೇ ಬರೆದಿದ್ದಾರಲ್ಲ ಸ್ವಾಮಿ, ಕಾನೂನಿಗೂ ಅವನು ಅಪ್ರಾಪ್ತನೇ’ ಎಂಬುದು ವಕೀಲರ ವಾದ. ಕೇಳಲು ಸರಿಯೆನಿಸುತ್ತದೆ, ನಮಗೂ ಎನಿಸಿತು. ಆದರೆ ಕಾನೂನು ಎಣಿಸುವುದು ಹುಟ್ಟಿದ ದಿನದಿಂದ. 2017ರಲ್ಲಿ ಪೋಕ್ಸೊ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ, ವಯಸ್ಸೆಂದರೆ ದೇಹದ್ದೇ ಹೊರತು ಬುದ್ಧಿಯದ್ದಲ್ಲ ಎಂದಿದೆ. ನೋಟಿಸು, ವಾಯಿದೆ, ಮತ್ತೆ ವಾಯಿದೆ ಎಂದು ವರ್ಷಕ್ಕೂ ಹೆಚ್ಚು ಎಳೆದಾಡಿ ಕೊನೆಗೆ ಅರ್ಜಿ ವಜಾ ಆಯಿತು. ಅಷ್ಟೂ ಕಾಲ ಪಿಂಚಣಿ ಇಲ್ಲ. ಫಿಸಿಯೊಥೆರಪಿ ನಿಲ್ಲಿಸಬೇಕಾಯಿತು, ಆಗ ಬಿಗಿದುಕೊಂಡ ಅವನ ಎಡ ಮಂಡಿ ಈಗಲೂ ಪೂರ್ತಿ ಚಾಚುವುದಿಲ್ಲ.

ನಿಮಗೆ ಬೇಕಾದದ್ದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ, ಈ ನಾಲ್ಕಕ್ಕೆ ಮಾತ್ರ ಅದು ಅನ್ವಯ. (ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಈ ದಾರಿ ಇಲ್ಲ.) ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ನಮೂನೆ ‘ಎ’ಯಲ್ಲಿ ಅರ್ಜಿ ಕೊಡಬೇಕು. ಸಮಿತಿಯಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಅಂಗವಿಕಲರೊಬ್ಬರು ಇರುತ್ತಾರೆ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. ಬ್ಯಾಂಕಿನವರು ಗೊಣಗಿದರೆ, ಈ ಸಮಿತಿಯ ಪ್ರಮಾಣಪತ್ರವನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಸುತ್ತೋಲೆ ಹೊರಡಿಸಿದೆ ಎಂದು ಹೇಳಿ. ತಂದೆತಾಯಿ ಇದ್ದರೂ ಅರ್ಜಿ ಬೇಕೇ ಎಂದು ಕೇಳಿದ್ದೀರಿ. ಬೇಕು, ಹದಿನೆಂಟು ತುಂಬಿದ ದಿನವೇ ಅವರ ಸಹಜ ಪೋಷಕತ್ವ ಮುಗಿಯಿತು.

ಇನ್ನು ತಂಗಿಯ ನಿವೇಶನವನ್ನು ‘ಅನುಕೂಲಕ್ಕಾಗಿ’ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮಾತು. ಅದನ್ನು ಓದಿ ನನಗೆ ಸಿಟ್ಟೇ ಬಂತು. ಗಾರ್ಡಿಯನ್ ಎಂದರೆ ಮಾಲೀಕರಲ್ಲ. ನೇಮಕವಾದ ಆರು ತಿಂಗಳೊಳಗೆ ಅವಳ ಆಸ್ತಿಯ ಪಟ್ಟಿಯನ್ನು, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕಪತ್ರವನ್ನು ಸಲ್ಲಿಸಬೇಕು. ಸೊತ್ತು ದುರುಪಯೋಗವಾದರೆ ಗಾರ್ಡಿಯನ್ ಸ್ಥಾನವೇ ಹೋಗುತ್ತದೆ. ಅವಳು ಸಹಿ ಮಾಡುತ್ತಾಳೆ, ನೋಟು ಗುರುತಿಸುತ್ತಾಳೆ ಎಂದೂ ನೀವೇ ಬರೆದಿದ್ದೀರಿ. ಹಾಗಿದ್ದರೆ ಎಲ್ಲ ಅಧಿಕಾರ ನಿಮಗೇ ಏಕೆ ಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕತ್ವವೆಂಬುದಿದೆ. ಅಲ್ಲಿ ತೀರ್ಮಾನ ಇಬ್ಬರದೂ. ಮೊದಲು ಅದನ್ನು ಕೇಳಿ ನೋಡಿ.

ನಿಮ್ಮ ತಂದೆಯವರು ಕೇಂದ್ರದ ಪಿಂಚಣಿದಾರರಾಗಿದ್ದರೆ, ಮಗಳ ಪಿಂಚಣಿಯನ್ನು ಯಾರು ಪಡೆದು ನೋಡಿಕೊಳ್ಳಬೇಕೆಂದು ಈಗಲೇ ಹೆಸರು ಬರೆದುಕೊಡಲಿ. ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಕೋರ್ಟಿನ ಆದೇಶವನ್ನು ಆಮೇಲೆ ಯಾರೂ ಕೇಳುವಂತಿಲ್ಲ.