ತಲೆ ಪರೀಕ್ಷೆಗೆ ಹೋಗಲಿ, ಸಾರಿನ ಮಾತು ಆಮೇಲೆ

ಪ್ರಶ್ನೆ: ನಾವು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇವೆ. ನಮ್ಮ ಯಜಮಾನರು ನವೆಂಬರ್‌ನಲ್ಲಿ ಪಕ್ಕದ ಮನೆಯವರ ಜೊತೆ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗುತ್ತಾರೆ. ಜಿಂಕೆಗಳಿಗೆ ಸೊರಗು ರೋಗ ಇದೆಯಂತೆ. ಚೆನ್ನಾಗಿ ಬೇಯಿಸಿದರೆ ಸಾಕಲ್ವಾ ಡಾಕ್ಟ್ರೇ? ಅದು ಹರಡದ ಹಾಗೆ ಬೇಟೆಯವರು ಏನು ಮಾಡಬಹುದು?
– ಓದುಗರು, ಮ್ಯಾಡಿಸನ್

ಉತ್ತರ: ಬೇಯಿಸಿದರೆ ಸಾಲದು ತಾಯಿ. ಈ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಬರುವುದು ಪ್ರಿಯಾನ್ ಎಂಬ ರೂಪಗೆಟ್ಟ ಪ್ರೋಟೀನಿನಿಂದ. ಒಲೆಯ ಉರಿಗೂ ಫ್ರೀಜರ್‌ಗೂ ಅದು ಜಗ್ಗುವುದಿಲ್ಲ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡಿತು. ನಿಮ್ಮ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾಯಿತು, ಅದೂ ಮ್ಯಾಡಿಸನ್ ಹತ್ತಿರದ ಮೌಂಟ್ ಹೋರೆಬ್ ಕಡೆಯೇ. ಮನುಷ್ಯರಿಗೆ ತಗುಲಿದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ರೋಗವಿದ್ದ ಜಿಂಕೆ ತಿನ್ನಬೇಡಿ ಎಂದು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುತ್ತದೆ. ನನ್ನ ಮಾತೂ ಅದೇ.

ಬಡಕಲಾಗಿ ಜೊಲ್ಲು ಸುರಿಸುವ ಜಿಂಕೆ ಕೊನೆಗಾಲದ್ದು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಮೈಕೈ ತುಂಬಿಕೊಂಡೇ ರೋಗ ಹಂಚುತ್ತಾ ಓಡಾಡಿರುತ್ತದೆ. ನೋಡಿ ಹೇಳೋಕಾಗಲ್ಲ. ಹಾಗಾಗಿ ಹೊಡೆದ ಜಿಂಕೆಯ ತಲೆಯನ್ನು ನಾಲ್ಕೈದು ಇಂಚು ಕುತ್ತಿಗೆ ಸಮೇತ ಪರೀಕ್ಷೆಗೆ ಕೊಡಲಿ. ಕೊಂಬು ಬೇಕಾದರೆ ತೆಗೆದಿಟ್ಟುಕೊಳ್ಳಲಿ. ಲ್ಯಾಬಿನವರಿಗೆ ಬೇಕಾದದ್ದು ಗಂಟಲ ಹಿಂಬದಿಯ ಲಿಂಫ್ ಗ್ರಂಥಿ. ತೀರಾ ಮೇಲಕ್ಕೆ ಕತ್ತರಿಸಿದರೆ ಅದೇ ಹೋಗಿಬಿಡುತ್ತದೆ.

ನನಗೆ ಜಾಸ್ತಿ ಕಳವಳ ಅಳಿದುಳಿದ ಕಳೇಬರದ್ದು. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನವನ್ನು ಎಲ್ಲೆಂದರಲ್ಲಿ ಎಸೆಯಬೇಡಿ ಎಂದು ನಮ್ಮ ಹಳ್ಳಿಗಳಲ್ಲಿ ಗೋಗರೆದವನು ನಾನು. ಇಲ್ಲೂ ಮಣ್ಣೇ ಭಯ. ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಡೆದ ಜಿಂಕೆಯನ್ನು ಇಡಿಯಾಗಿ ಪಿಕಪ್‌ಗೆ ಹಾಕಿಕೊಂಡರೆ, ರೋಗ ಒಂದೇ ರಾತ್ರಿಯಲ್ಲಿ ಪಕ್ಕದ ರಾಜ್ಯ ಸೇರುತ್ತದೆ. ಬೇಟೆಯಾಡಿದ ಕಡೆಯೇ ಮಾಂಸ ಬಿಡಿಸಿಕೊಳ್ಳಲಿ. ತಲೆಬುರುಡೆ, ಬೆನ್ನುಮೂಳೆ ಕಾಡಂಚಿಗೆ ಬೀಳಬಾರದು, ಸರ್ಕಾರ ಒಪ್ಪಿದ ಕಸದ ಗುಂಡಿಗೆ ಹೋಗಬೇಕು. ಮಿದುಳು, ಬೆನ್ನುಹುರಿಗೆ ಚಾಕು ತಾಗಿಸಬೇಡಿ. ಕೈಗವಸು ಇರಲಿ.

ಇನ್ನು ಜೋಳ ಸುರಿದು ಜಿಂಕೆ ಕರೆಯುವ ಅಭ್ಯಾಸ. ದಯವಿಟ್ಟು ಬಿಡಲಿ. ಹತ್ತಾರು ಜಿಂಕೆ ಒಂದೇ ಗುಡ್ಡೆಗೆ ಮೂತಿ ಇಟ್ಟರೆ ಒಂದರ ಜೊಲ್ಲು ಇನ್ನೊಂದರ ಬಾಯಿಗೆ.

ಮಾಂಸ ಕತ್ತರಿಸಲು ಅಂಗಡಿಗೆ ಕೊಟ್ಟರೆ, 'ನಮ್ಮದನ್ನು ಬೇರೆಯವರ ಜೊತೆ ಬೆರೆಸಬೇಡಿ' ಎಂದು ಖಡಾಖಂಡಿತವಾಗಿ ಹೇಳಿ. ಪ್ರತಿ ಪೊಟ್ಟಣದ ಮೇಲೆ ಯಾವ ಜಿಂಕೆ, ಯಾವ ದಿನ ಅಂತ ಬರೆದು ಫ್ರೀಜರ್‌ನಲ್ಲಿಡಿ. ವರದಿ ಬರುವ ತನಕ ಒಲೆ ಹಚ್ಚಬೇಡಿ.