ಡಿಬಿ ಬಾಕ್ಸ್ (ಮನೆಯ ಲೈನುಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ಭರ್ತಿಯಾಗಿದೆ, ಗೀಸರ್ ಮತ್ತು ಅಡುಗೆಮನೆಯ ಪ್ಲಗ್, ಈ ಎರಡು ಲೈನುಗಳನ್ನು ಒಂದೇ ಎಂಸಿಬಿಗೆ (ಕರೆಂಟ್ ಮಿತಿ ಮೀರಿದರೆ ಟ್ರಿಪ್ ಆಗಿ ತಾನೇ ಆರುವ ಸ್ವಿಚ್) ಸೇರಿಸಿ ಹೊಸ ಎಸಿಗೆ ಜಾಗ ಮಾಡಿಕೊಳ್ಳಬಹುದೇ?

ದಯವಿಟ್ಟು ಬೇಡ. ನೀವು ಸೇರಿಸಬೇಕೆಂದಿರುವ ಗೀಸರ್ ಲೈನು ಮತ್ತು ಅಡುಗೆಮನೆಯ ಪ್ಲಗ್ ಲೈನು ಎರಡನ್ನೂ ಮೈಸೂರಿನ ನಮ್ಮ ಮನೆಯಲ್ಲಿ ನಾನು ಹೀಗೆಯೇ ಸೇರಿಸಿಸಿದ್ದೆ.

ತಂದೆಯವರ ಕೋಣೆಗೆ ಎಸಿ ತಂದಾಗ 8 ವೇ (ಎಂಟು ಸ್ಥಾನಗಳ) ಡಿಬಿಯಲ್ಲಿ ಒಂದು ಸ್ಥಾನವೂ ಖಾಲಿ ಇರಲಿಲ್ಲ. ಡಿಬಿ ಬದಲಿಸಿದರೆ ಗೋಡೆ ಒಡೆಯಬೇಕು, ಮತ್ತೆ ಬಣ್ಣ ಬಳಿಸಬೇಕು ಎಂದು ಹಿಂಜರಿದ ನಾನು, ಎಲೆಕ್ಟ್ರಿಷಿಯನ್ ಬೇಡವೆಂದರೂ ಒತ್ತಾಯಿಸಿ, ಗೀಸರಿನ 4 ಚದರ ಮಿ.ಮೀ. ವೈರನ್ನೂ ಅಡುಗೆಮನೆಯ 2.5 ಚದರ ಮಿ.ಮೀ. ವೈರನ್ನೂ 20 ಆಂಪಿಯರಿನ ಒಂದೇ ಎಂಸಿಬಿಯ ಸ್ಕ್ರೂ ಕೆಳಗೆ ಹಾಕಿಸಿದೆ. ಸ್ಕ್ರೂ ದಪ್ಪ ವೈರನ್ನು ಬಿಗಿಯಾಗಿ ಅಮುಕಿತು. ತೆಳು ವೈರು ಅದರ ಪಕ್ಕದಲ್ಲಿ ಸಡಿಲವಾಗಿಯೇ ಉಳಿಯಿತು, ಆದರೆ ಹೊರಗಿನಿಂದ ನೋಡಿದವರಿಗೆ ಎರಡೂ ಭದ್ರವಾಗಿಯೇ ಕಾಣುತ್ತಿದ್ದವು. ಸಡಿಲವಾದ ಕಡೆ ರೋಧ ಹೆಚ್ಚು, ಅಲ್ಲಿ ಕರೆಂಟ್ ಹರಿದರೆ ಶಾಖ ಹುಟ್ಟುತ್ತದೆ. ಗ್ರೈಂಡರ್ ಓಡಿದಾಗಲೆಲ್ಲ ಆ ತುದಿ ಕಾದು ಹಿಗ್ಗಿ, ನಿಂತಾಗ ತಣಿದು ಕುಗ್ಗಿ, ಇನ್ನಷ್ಟು ಸಡಿಲವಾಗುತ್ತ ಹೋಯಿತು. ತೊಂದರೆಯಾದರೆ ಎಂಸಿಬಿ ಟ್ರಿಪ್ ಆಗುತ್ತದೆಯಲ್ಲ ಎಂದು ನಾನು ನಂಬಿದ್ದೆ. ಎಂಸಿಬಿ ಗಮನಿಸುವುದು ಮಿತಿ ಮೀರಿದ ಕರೆಂಟನ್ನು ಮಾತ್ರ. 2 ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಗ್ರೈಂಡರ್ ಸೇರಿದರೂ 20 ದಾಟುವುದಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಶಾಕ್ ತಡೆಯುವ ಸ್ವಿಚ್) ನೋಡುವುದು ದಾರಿ ತಪ್ಪಿ ಸೋರುವ ಕರೆಂಟನ್ನು. ಸಡಿಲ ಜೋಡಣೆ ಇವೆರಡರ ಕಣ್ಣಿಗೂ ಬೀಳುವುದಿಲ್ಲ.

ಸುಟ್ಟ ಪ್ಲಾಸ್ಟಿಕ್ ವಾಸನೆಯನ್ನು ಮೊದಲು ಹಿಡಿದವರು ಅಮ್ಮ. ಮುಚ್ಚಳ ತೆಗೆದಾಗ ಎಂಸಿಬಿಯ ಕೆಳಭಾಗ ಕಂದು ಬಣ್ಣಕ್ಕೆ ತಿರುಗಿತ್ತು. ಕೆಂಪು ವೈರಿನ ಹೊದಿಕೆ ಗಟ್ಟಿಯಾಗಿ, ಮುಟ್ಟಿದರೆ ಚೂರು ಚೂರಾಗಿ ಉದುರುತ್ತಿತ್ತು. ಸುಟ್ಟ ತುದಿಯನ್ನು ಕತ್ತರಿಸಿದರೆ ಉಳಿದ ವೈರು ಟರ್ಮಿನಲ್‌ಗೆ ಎಟಕುತ್ತಿರಲಿಲ್ಲ, ಹೊಸ ವೈರು ಎಳೆಯಲು ಹೋದರೆ ಗೋಡೆಯೊಳಗಿನ ಪೈಪ್ ಕಟ್ಟಿಕೊಂಡಿತ್ತು. ಕೊನೆಗೆ ಡಿಬಿಯಿಂದ ಅಡುಗೆಮನೆಯವರೆಗೂ ಗೋಡೆ ಒಡೆಯಬೇಕಾಯಿತು.

ಅಷ್ಟಕ್ಕೂ ನೀವು ಮೊದಲು ನೋಡಬೇಕಾದದ್ದು ಡಿಬಿಯಲ್ಲಿನ ಜಾಗವನ್ನಲ್ಲ, ಕರೆಂಟ್ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನು (ನಿಮ್ಮ ಮನೆಗೆ ಒಪ್ಪಿಗೆಯಾದ ಗರಿಷ್ಠ ಬಳಕೆ). ಅದು 3 ಕಿಲೋವ್ಯಾಟ್ ಇದ್ದರೆ 230 ವೋಲ್ಟಿಗೆ ಸುಮಾರು 13 ಆಂಪಿಯರ್ ಆಯಿತು. ಗೀಸರ್ ಮತ್ತು ಒಂದೂವರೆ ಟನ್ ಎಸಿ ಒಟ್ಟಿಗೆ ನಡೆದರೆ ಅಷ್ಟು ಸಾಲದು. ಮೊದಲು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ, ಮೀಟರಿನಿಂದ ಬರುವ ಮುಖ್ಯ ವೈರಿನ ದಪ್ಪವನ್ನು ಪರವಾನಗಿ ಇರುವ ಗುತ್ತಿಗೆದಾರರಿಂದ ಪರೀಕ್ಷಿಸಿಕೊಳ್ಳಿ. ಆಮೇಲೆ 12 ಅಥವಾ 16 ವೇ ಡಿಬಿಯನ್ನೇ ಹಾಕಿಸಿ. ಸ್ಥಾನಗಳನ್ನು ಎಣಿಸುವಾಗ ನೆನಪಿಡಿ, ಒಂದು ಪೋಲಿನ (ಒಂದೇ ವೈರನ್ನು ಕಡಿಯುವ) ಎಂಸಿಬಿಗೆ ಸುಮಾರು 18 ಮಿ.ಮೀ. ಅಂದರೆ ಒಂದು ಸ್ಥಾನ ಬೇಕು, ಎರಡು ಪೋಲಿನ ಆರ್‌ಸಿಸಿಬಿಗೆ ಅದರ ಎರಡರಷ್ಟು. ಗೋಡೆ ಮುಟ್ಟುವುದು ಸಾಧ್ಯವೇ ಇಲ್ಲವೆಂದಾದರೆ ಪಕ್ಕದಲ್ಲಿ ಗೋಡೆಯ ಮೇಲೆ ಕೂರುವ ಚಿಕ್ಕ ಡಿಬಿ ಇಟ್ಟು, ಅದಕ್ಕೆ ಮುಖ್ಯ ಸ್ವಿಚ್ಚಿನಿಂದ ತಕ್ಕ ದಪ್ಪದ ಪ್ರತ್ಯೇಕ ವೈರು ಎಳೆಸಿ.

ಸೇರಿಸಲೇಬೇಕಾದರೆ ಎಲ್‌ಇಡಿ ದೀಪಗಳ ಎರಡು ಲೈನುಗಳನ್ನು ಸೇರಿಸಬಹುದು. ಆಗಲೂ ಎರಡನ್ನು ಸರಿಯಾದ ಕನೆಕ್ಟರಿನಲ್ಲಿ ಕೂಡಿಸಿ, ಎಂಸಿಬಿಗೆ ಒಂದೇ ವೈರು ಹೋಗಬೇಕು. ಕರೆಂಟ್ ಹಿಂದಿರುಗುವ ವೈರುಗಳಾದ ಎರಡರ ನ್ಯೂಟ್ರಲ್‌ಗಳೂ ಒಂದೇ ಆರ್‌ಸಿಸಿಬಿಯ ಲೋಹದ ಪಟ್ಟಿಯಲ್ಲಿರಬೇಕು, ಇಲ್ಲದಿದ್ದರೆ ದೀಪ ಹಚ್ಚಿದಾಗಲೆಲ್ಲ ಆರ್‌ಸಿಸಿಬಿ ಟ್ರಿಪ್ ಆಗುತ್ತದೆ.